ಮನೆಯಲ್ಲಿ ಉಳಿದ ತೆಂಗಿನ ಅಚ್ಚು: ದಿನದ ಅಡುಗೆಯಲ್ಲಿ ಮುಗಿಸುವುದು ಹೇಗೆ?

ಪ್ರಶ್ನೆ: ನಾವು ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದೇವೆ. ಇಲ್ಲಿನ ಅಂಗಡಿಯಲ್ಲಿ ‘ಕ್ರೀಮ್ಡ್ ಕೊಕೊನಟ್’ ಅಂತ ಸೋಪಿನ ಬಾರಿನಂಥ ಬಿಳಿ ಗಟ್ಟಿ ಸಿಗುತ್ತದೆ. ತಾಜಾ ಕಾಯಿ ಒಡೆದಾಗ ಎರಡರಲ್ಲಿ ಒಂದು ಕೆಟ್ಟಿರುತ್ತದೆ, ಇದಾದರೂ ಆದೀತೆಂದು 200 ಗ್ರಾಮಿನ ನಾಲ್ಕು ಪೊಟ್ಟಣ ತಂದೆ. ಇಡ್ಲಿಗೆ ಚಟ್ನಿ ಮಾಡಿದರೆ ಮೇಣದ ಚೂರು ಬಾಯಿಗೆ ಸಿಕ್ಕಿದ ಹಾಗಾಯಿತು. ಮಜ್ಜಿಗೆ ಹುಳಿಗೆ ಹಾಕಿದರೆ ಒಡೆದು ಎಣ್ಣೆ ಮೇಲೆ ತೇಲಿತು. ಉಳಿದ ಮೂರು ಪೊಟ್ಟಣ ಎಸೆಯಲು ಮನಸ್ಸಿಲ್ಲ. ತೆಂಗಿನ ಹಾಲಿನ ಬದಲಿಗೆ ಬಳಸಬಹುದೇ? ದಿನನಿತ್ಯದ ಅಡುಗೆಗೆ ಹೊಂದಿಸಿಕೊಳ್ಳುವುದು ಹೇಗೆ?

ಉತ್ತರ: ಎಸೆಯಬೇಡಿ. ಪದಾರ್ಥ ಚೆನ್ನಾಗಿಯೇ ಇದೆ. ನೀವು ಅದನ್ನು ಹಸಿ ಕಾಯಿ ಎಂದುಕೊಂಡು ಬಳಸಿದಿರಿ, ತೊಂದರೆಯಾದದ್ದು ಅಲ್ಲಿ. ನಾನೂ ಬರ್ಮಿಂಗ್‌ಹ್ಯಾಮ್‌ನಲ್ಲಿದ್ದ ಮೊದಲ ವರ್ಷ ಇದೇ ತಪ್ಪು ಮಾಡಿದ್ದೇನೆ. ಊರಿಂದ ಬಂದ ಅತ್ತೆಯವರಿಗೆ ಬೂದುಗುಂಬಳದ ಮಜ್ಜಿಗೆ ಹುಳಿ ಬಡಿಸಬೇಕೆಂದು ಕುದಿಯುತ್ತಿದ್ದ ಪಾತ್ರೆಗೇ ಗಟ್ಟಿಯ ತುಂಡು ಹಾಕಿದೆ. ಐದು ನಿಮಿಷದಲ್ಲಿ ಮೇಲೆ ಎಣ್ಣೆಯ ಕನ್ನಡಿ, ಕೆಳಗೆ ರವೆಯಂಥ ಹರಳು. ಅತ್ತೆಯವರು ಏನೂ ಹೇಳದೆ ಊಟ ಮಾಡಿದರು. ನನಗೆ ಮಾತ್ರ ಆ ಮಧ್ಯಾಹ್ನ ಇವತ್ತಿಗೂ ನೆನಪಿದೆ.

ಇದಕ್ಕೆ ಕನ್ನಡದಲ್ಲಿ ಹೆಸರಿಲ್ಲ. ಬೆಲ್ಲದ ಅಚ್ಚಿನ ಹಾಗೆ ಕಾಣುವುದರಿಂದ ನಾನು ತೆಂಗಿನ ಅಚ್ಚು ಎನ್ನುತ್ತೇನೆ. ಚೆನ್ನಾಗಿ ಬಲಿತ ಕಾಯಿಯ ತಿರುಳನ್ನು ಒಣಗಿಸಿ, ಬೆಣ್ಣೆಯಷ್ಟು ನುಣ್ಣಗಾಗುವವರೆಗೆ ಅರೆದು, ಅಚ್ಚಿಗೆ ಸುರಿದರೆ ಇದಾಗುತ್ತದೆ. ಹಾಲು ಹಿಂಡಿ ತೆಗೆದದ್ದಲ್ಲ, ತಿರುಳು ನಾರಿನ ಸಮೇತ ಪೂರ್ತಿ ಒಳಗಿದೆ. ನೀರು ಮಾತ್ರ ಹೋಗಿದೆ. ಹಸಿ ಕಾಯಿಯಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ನೀರು, ಮೂರನೆಯ ಒಂದು ಭಾಗ ಕೊಬ್ಬು. ಅಚ್ಚಿನಲ್ಲಿ ನೀರು ಇಲ್ಲವೆನ್ನುವಷ್ಟು ಕಡಿಮೆ, ಕೊಬ್ಬು ಮೂರನೆಯ ಎರಡು ಭಾಗ. ಹಾಗಾಗಿ ಲೆಕ್ಕ ಸುಲಭ: ಹಸಿ ತುರಿ ಎಷ್ಟು ಬೇಕೋ ಅದರ ಅರ್ಧ ತೂಕ ಅಚ್ಚು, ಉಳಿದರ್ಧ ಬಿಸಿನೀರು. ಒಂದು ಕಪ್ ತುರಿಗೆ 40 ಗ್ರಾಂ ಅಚ್ಚು ಸಾಕು. 200 ಗ್ರಾಮಿನ ಪೊಟ್ಟಣವನ್ನು ಐದು ಭಾಗ ಮಾಡಿದರೆ ಒಂದೊಂದು ಭಾಗವೂ ಒಂದು ಕಪ್ ಕಾಯಿತುರಿ ಎಂದು ಲೆಕ್ಕ ಹಿಡಿಯಿರಿ.

ಸ್ವಭಾವದಲ್ಲಿ ಇದು ನಮ್ಮ ಕೊಬ್ಬರಿಯ ದಾಯಾದಿ. ತಿಪಟೂರಿನ ಕಡೆ ಕಾಯಿಯನ್ನು ಸಿಪ್ಪೆ ಸುಲಿಯದೆ ಅಟ್ಟದ ಮೇಲೆ ಎಂಟು ಹತ್ತು ತಿಂಗಳು ಇಟ್ಟು, ಒಳಗಿನ ನೀರು ತಾನಾಗಿ ಇಂಗಿ ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಗಡಗಡ ಸದ್ದು ಮಾಡಿದಾಗ ಉಂಡೆ ಕೊಬ್ಬರಿ ತೆಗೆಯುತ್ತಾರೆ. ಅಲ್ಲಿ ಅಟ್ಟ ಮಾಡುವ ಕೆಲಸವನ್ನು ಇಲ್ಲಿ ಕಾರ್ಖಾನೆಯ ಬಿಸಿಗಾಳಿ ಮಾಡುತ್ತದೆ. ಯಾವ ಅಡುಗೆಗೆ ಅಚ್ಚು ಹೊಂದೀತು ಎಂದು ಅನುಮಾನ ಬಂದಾಗಲೆಲ್ಲ ನಾನು ಕೇಳಿಕೊಳ್ಳುವುದು ಒಂದೇ: ಇದಕ್ಕೆ ಊರಲ್ಲಿ ಕಾಯಿ ರುಬ್ಬಿ ಹಾಕುತ್ತಿದ್ದೆವೋ, ತುರಿದು ಉದುರಿಸುತ್ತಿದ್ದೆವೋ? ರುಬ್ಬಿ ಬೇಯಿಸುವುದಾದರೆ ಅಚ್ಚು ಹಾಕಿ. ತುರಿದು ಉದುರಿಸುವುದಾದರೆ ಬೇಡವೇ ಬೇಡ. ಕೋಸಂಬರಿ, ಹುರುಳಿಕಾಯಿ ಪಲ್ಯ, ಅವಲಕ್ಕಿ, ಉಪ್ಪಿಟ್ಟಿನ ಮೇಲಿನ ಕಾಯಿ ಇವಕ್ಕೆಲ್ಲ ಭಾರತೀಯ ಅಂಗಡಿಯ ಫ್ರೀಜರಿನಲ್ಲಿ ಸಿಗುವ ಹೆಪ್ಪುಗಟ್ಟಿದ ಕಾಯಿತುರಿಯೇ ಸರಿ. ತಂಬುಳಿಗೂ ಅಚ್ಚು ಹೊಂದುವುದಿಲ್ಲ. ಕಾರಣ ಕೆಳಗೆ ಹೇಳುತ್ತೇನೆ.

ತೆಂಗಿನೆಣ್ಣೆ ಸುಮಾರು 24 ಡಿಗ್ರಿಯಲ್ಲಿ ಕರಗುತ್ತದೆ. ಅದಕ್ಕಿಂತ ತಣ್ಣಗಾದರೆ ಮೇಣದಂತೆ ಬಿಗಿಯುತ್ತದೆ. ಇದೇ ಅಚ್ಚು ಬೆಂಗಳೂರಿನ ಏಪ್ರಿಲ್‌ನಲ್ಲಿ ಮೆತ್ತಗೆ ಪೇಸ್ಟಿನಂತೆ ಇರುತ್ತದೆ, ನಿಮ್ಮ ರೆಡಿಂಗ್‌ನ ಅಡುಗೆಮನೆಯಲ್ಲಿ ಕಲ್ಲು. ನಲ್ಲಿಯ ತಣ್ಣೀರು ಹಾಕಿ ಮಿಕ್ಸಿ ತಿರುಗಿಸಿದರೆ ಕೊಬ್ಬು ಕರಗುವುದಿಲ್ಲ, ಚೂರಾಗುತ್ತದೆ ಅಷ್ಟೆ. ನಿಮ್ಮ ಚಟ್ನಿಯಲ್ಲಿ ಹಲ್ಲಿಗೆ ಸಿಕ್ಕ ಮೇಣ ಅದೇ. ತಂಬುಳಿ ತಣ್ಣಗೆ ಕುಡಿಯುವ ಪದಾರ್ಥ, ಅದನ್ನು ಬಿಸಿ ಮಾಡುವ ಹಾಗಿಲ್ಲ, ಆದ್ದರಿಂದ ಅಲ್ಲಿ ಈ ತೊಂದರೆಗೆ ಪರಿಹಾರವೇ ಇಲ್ಲ. ಪುನರ್ಪುಳಿ ಹಾಕಿ ಮಾಡುವ ಸೋಲ್ ಕಡಿಗೂ ಇದೇ ಮಾತು.

ಆದ್ದರಿಂದ ಮೊದಲ ಕೆಲಸ ಕರಗಿಸುವುದು. ಪೊಟ್ಟಣದ ಒಳಗಿನ ಪ್ಲಾಸ್ಟಿಕ್ ಚೀಲವನ್ನು ಒಡೆಯದೆ, ಕೈ ತಾಳುವಷ್ಟು ಬಿಸಿ ಇರುವ ನೀರಿನಲ್ಲಿ ಹತ್ತು ಹದಿನೈದು ನಿಮಿಷ ಬಿಡಿ. ಮೆತ್ತಗಾದ ಮೇಲೆ ಚಪಾತಿ ಹಿಟ್ಟು ನಾದಿದ ಹಾಗೆ ಹೊರಗಿನಿಂದಲೇ ನಾದಿ. ಮೇಲೆ ಬೇರ್ಪಟ್ಟು ನಿಂತಿರುವ ಎಣ್ಣೆ, ಕೆಳಗಿನ ಗಟ್ಟಿ ಎರಡೂ ಬೆರೆಯುತ್ತವೆ. ಬೆರೆಸದೆ ಮೇಲಿನಿಂದ ತುಂಡು ಕತ್ತರಿಸುತ್ತಾ ಹೋದರೆ ಮೊದಲ ದಿನದ ಸಾರಿಗೆ ಬರೀ ಎಣ್ಣೆ, ಕೊನೆಯ ದಿನದ ಸಾರಿಗೆ ಬರೀ ಹಿಟ್ಟು. ನಾದಿದ ನಂತರ ಪೊಟ್ಟಣವನ್ನು ಮಟ್ಟಸ ಮಾಡಿ ಫ್ರಿಜ್ಜಿನಲ್ಲಿಡಿ. ಅರ್ಧ ಬಿಗಿದಾಗ ತೆಗೆದು ಚಾಕುವಿನಿಂದ ಗೆರೆ ಹಾಕಿದರೆ 20 ಗ್ರಾಮಿನ ಹತ್ತು ತುಂಡು ಸಲೀಸಾಗಿ ಬರುತ್ತವೆ. ಪೂರ್ತಿ ಕಲ್ಲಾದ ಮೇಲೆ ಚಾಕು ಹಾಕಿದರೆ ಜಾರಿ ಕೈ ಕೊಯ್ದುಕೊಳ್ಳುವ ಭಯ. ಆಗ ತುರಿಯುವುದೇ ಒಳ್ಳೆಯದು.

ಬೆರೆಸಲು ಇಷ್ಟವಿಲ್ಲದವರಿಗೆ ಒಂದು ಮಾತು. ಮೇಲೆ ನಿಂತ ಆ ಪಾರದರ್ಶಕ ಪದರ ತೆಂಗಿನೆಣ್ಣೆಯೇ. ಚಮಚದಲ್ಲಿ ಕೆರೆದು ಇಟ್ಟುಕೊಂಡು ಒಗ್ಗರಣೆಗೆ ಬಳಸಿ. ಸಾಸಿವೆ ಸಿಡಿದು ಕರಿಬೇವು ಬಿದ್ದಾಗ ಏಳುವ ಪರಿಮಳಕ್ಕೆ ಕರಾವಳಿಯವರು ಯಾರಿದ್ದರೂ ಅಡುಗೆಮನೆಗೆ ಬಂದೇ ಬರುತ್ತಾರೆ.

ಇನ್ನು ನಿಮ್ಮ ಮಜ್ಜಿಗೆ ಹುಳಿ. ಹಸಿ ಕಾಯಿ ರುಬ್ಬಿದಾಗ ಕೊಬ್ಬು ಸಣ್ಣ ಸಣ್ಣ ಹನಿಗಳಾಗಿ ನೀರಿನಲ್ಲಿ ಹರಡಿಕೊಂಡಿರುತ್ತದೆ, ಕಾಯಿಯ ಪ್ರೋಟೀನು ಆ ಹನಿಗಳನ್ನು ಸುತ್ತಿ ಹಿಡಿದಿರುತ್ತದೆ. ಒಣಗಿಸಿ ಅರೆದ ಅಚ್ಚಿನಲ್ಲಿ ಆ ಹಿಡಿತ ಆಗಲೇ ಸಡಿಲಾಗಿದೆ. ಕಡಲೆಕಾಯಿ ಬೆಣ್ಣೆಯ ಹಾಗೆ ಎಣ್ಣೆಯೊಳಗೆ ಹಿಟ್ಟು ನೆನೆದು ಕೂತಿದೆ. ಅದನ್ನು ಹುಳಿಯಿರುವ, ಕುದಿಯುವ ಪಾತ್ರೆಗೆ ನೇರ ಹಾಕಿದರೆ ಎಣ್ಣೆ ಮೇಲೆ ಬರುವುದು ಸಹಜ. ತಡೆಯಲು ಎರಡು ಉಪಾಯ: ಹಿಡಿದುಕೊಳ್ಳಲು ಸ್ವಲ್ಪ ಹಿಟ್ಟಿನಂಶ ಕೊಡಿ, ಹುಳಿಯನ್ನು ಕೊನೆಗೆ ತನ್ನಿ. ನಮ್ಮ ಹಿರಿಯರು ಮಜ್ಜಿಗೆ ಹುಳಿಗೆ ಕಡಲೆಬೇಳೆ, ಅಕ್ಕಿ ನೆನೆಸಿ ರುಬ್ಬಿ ಹಾಕುತ್ತಾ ಬಂದದ್ದು ಈ ಕೆಲಸವನ್ನೂ ಮಾಡುತ್ತದೆ.

ನಾಲ್ಕು ಜನಕ್ಕೆ ನಾನು ಮಾಡುವುದು ಹೀಗೆ. ಎರಡು ದೊಡ್ಡ ಚಮಚ ಕಡಲೆಬೇಳೆ, ಒಂದು ಸಣ್ಣ ಚಮಚ ಅಕ್ಕಿ ಒಂದು ಗಂಟೆ ನೆನೆಯಲಿ. 40 ಗ್ರಾಂ ಅಚ್ಚನ್ನು ಅರ್ಧ ಕಪ್ ಕುದಿನೀರಿನಲ್ಲಿ ಕದಡಿ ಉಗುರುಬೆಚ್ಚಗಾಗಲು ಬಿಡಿ. ನೆನೆದ ಬೇಳೆ, ಅಕ್ಕಿ, ನಾಲ್ಕೈದು ಹಸಿಮೆಣಸು, ಒಂದು ಚಮಚ ಜೀರಿಗೆ, ಅರ್ಧ ಚಮಚ ಸಾಸಿವೆ, ಚೂರು ಶುಂಠಿ, ಒಂದು ಹಿಡಿ ಕೊತ್ತಂಬರಿ ಸೊಪ್ಪು, ಇವನ್ನು ಆ ಬೆಚ್ಚಗಿನ ಕಾಯಿನೀರಿನಲ್ಲೇ ನುಣ್ಣಗೆ ರುಬ್ಬಿ. ಬೂದುಗುಂಬಳ ಸಿಗದಿದ್ದರೆ ಅಲ್ಲಿನ ಕೂರ್ಜೆಟ್ ಅಥವಾ ಮ್ಯಾರೋ ತುಂಬ ಚೆನ್ನಾಗಿ ಆಗುತ್ತದೆ. ಹೋಳು ಉಪ್ಪು, ಅರಿಸಿನ ಹಾಕಿ ಮುಕ್ಕಾಲು ಬೇಯಿಸಿ, ರುಬ್ಬಿದ್ದನ್ನು ಸೇರಿಸಿ, ಸಣ್ಣ ಉರಿಯಲ್ಲಿ ಕಡಲೆಬೇಳೆಯ ಹಸಿ ವಾಸನೆ ಹೋಗುವವರೆಗೆ ಐದಾರು ನಿಮಿಷ ಕೈಯಾಡಿಸುತ್ತಾ ಕುದಿಸಿ. ಈ ಹಂತದಲ್ಲಿ ಮೊಸರು ಇನ್ನೂ ಪಾತ್ರೆಗೆ ಬಂದಿರಬಾರದು. ಒಲೆ ಆರಿಸಿ ಎರಡು ನಿಮಿಷ ಬಿಟ್ಟು, ಫ್ರಿಜ್ಜಿನಿಂದ ಮೊದಲೇ ತೆಗೆದು ಕಡೆದಿಟ್ಟ ಒಂದೂವರೆ ಕಪ್ ಮೊಸರನ್ನು ನಿಧಾನ ಬೆರೆಸಿ. ಮತ್ತೆ ಅತಿ ಸಣ್ಣ ಉರಿಯಲ್ಲಿಟ್ಟು ಅಂಚಿನಲ್ಲಿ ಹಬೆಯಾಡಿ ನೊರೆ ಏಳುತ್ತಿದ್ದಂತೆ ಇಳಿಸಿ. ಕುದಿ ಬರಬಾರದು. ಫ್ರಿಜ್ಜಿನ ತಣ್ಣನೆಯ ಮೊಸರನ್ನು ಹಾಗೇ ಸುರಿದರೆ ಇಷ್ಟೆಲ್ಲ ಜಾಗ್ರತೆಯೂ ವ್ಯರ್ಥ. ಕೊಬ್ಬು ಅಲ್ಲೇ ಗಂಟುಕಟ್ಟುತ್ತದೆ.

ದಿನನಿತ್ಯ ಅಚ್ಚು ಹೆಚ್ಚು ಖರ್ಚಾಗುವುದು ಹುಳಿ, ಕೂಟು, ಸಾಗುವಿಗೆ. ಮುಕ್ಕಾಲು ಕಪ್ ತೊಗರಿಬೇಳೆಯ ಹುಳಿಗೆ 20 ಗ್ರಾಮಿನ ಒಂದು ತುಂಡು ಸಾಕು. ಧನಿಯ, ಕಡಲೆಬೇಳೆ, ಉದ್ದಿನಬೇಳೆ, ಚೂರು ಮೆಂತ್ಯ, ಬ್ಯಾಡಗಿ ಮೆಣಸಿನಕಾಯಿ ಹುರಿದು ಬಾಣಲೆ ಒಲೆಯಿಂದ ಇಳಿಸಿದ ಮೇಲೆ ಆ ಬಿಸಿಯಲ್ಲೇ ಅಚ್ಚಿನ ತುಂಡನ್ನು ಹಾಕಿಬಿಡಿ. ಅದು ಕರಗಿ ಮಸಾಲೆಗೆಲ್ಲ ಹತ್ತಿಕೊಳ್ಳುತ್ತದೆ. ಆಮೇಲೆ ಬಿಸಿನೀರು ಹಾಕಿ ರುಬ್ಬಿದರೆ ಒಂದು ಗಂಟೂ ಉಳಿಯುವುದಿಲ್ಲ. ಇದಕ್ಕೆ ಬೇರೆ ಪಾತ್ರೆ ಬೇಡ, ಕರಗಿಸುವ ಕೆಲಸವೂ ಉಳಿಯಿತು. ಕೆಲಸಕ್ಕೆ ಹೋಗುವವರ ಮನೆಗೆ ಇದಕ್ಕಿಂತ ಸುಲಭದ ದಾರಿ ನನಗೆ ತಿಳಿದಿಲ್ಲ. ಅಂಗಡಿಯ ಹುಳಿಪುಡಿ ಬಳಸುವವರು ಬೆಂದ ಬೇಳೆಗೇ ತುಂಡು ಹಾಕಿ ಕಡಗೋಲಿನಲ್ಲಿ ಕಡೆಯಿರಿ. ಬೇಳೆ ತಾನೇ ಎಣ್ಣೆಯನ್ನು ಹಿಡಿದುಕೊಳ್ಳುತ್ತದೆ.

ಸಾಗು, ತರಕಾರಿ ಕುರ್ಮಕ್ಕೆ ಅಚ್ಚಿನ ಜೊತೆ ಒಂದು ಚಮಚ ಹುರಿಗಡಲೆ, ಅರ್ಧ ಚಮಚ ಗಸಗಸೆ ಸೇರಿಸಿ ರುಬ್ಬಿ. ಬಿಸಿಬೇಳೆಬಾತಿಗೂ ಎಣ್ಣೆಗಾಯಿಗೂ ಮೊದಲಿನಿಂದಲೂ ಒಣಕೊಬ್ಬರಿಯೇ ಬೀಳುವುದರಿಂದ ಅಚ್ಚು ಅಲ್ಲಿ ಹಸಿ ಕಾಯಿಗಿಂತ ಚೆನ್ನಾಗಿ ಒಗ್ಗುತ್ತದೆ. ಬದನೆಕಾಯಿ ಎಣ್ಣೆಗಾಯಿಗೆ ಹುರಿದ ಶೇಂಗಾ, ಎಳ್ಳು ಪುಡಿ ಮಾಡಿ, ಕರಗಿದ ಅಚ್ಚು ಬೆರೆಸಿ ತುಂಬಿದರೆ ಮಸಾಲೆ ಕಾಯಿಯೊಳಗೇ ಕೂರುತ್ತದೆ, ಬೇಯುವಾಗ ಹೊರಗೆ ಸುರಿಯುವುದಿಲ್ಲ. ಆದರೆ ಡಬ್ಬದಲ್ಲಿಡುವ ಬಿಸಿಬೇಳೆಬಾತ್ ಪುಡಿ, ಚಟ್ನಿಪುಡಿಗಳಿಗೆ ಇದನ್ನು ಹಾಕಬೇಡಿ. ಪುಡಿ ಮುದ್ದೆಯಾಗುತ್ತದೆ.

ಮೀನು, ಕೋಳಿ ತಿನ್ನುವವರಾದರೆ ಗಸಿಗೂ ಹಾಕಬಹುದು. ಗಸಿಯ ಮಸಾಲೆಗೆ ರುಬ್ಬುವ ಕಾಯಿಯ ಜಾಗದಲ್ಲಿ ಅಚ್ಚು, ಕೊನೆಗೆ ಹಾಕುವ ದಪ್ಪ ಕಾಯಿಹಾಲಿನ ಜಾಗದಲ್ಲಿ ಡಬ್ಬಿಯ ತೆಂಗಿನ ಹಾಲು. ಎರಡಕ್ಕೂ ಅಚ್ಚನ್ನೇ ಹಾಕಿದರೆ ಗಸಿ ಜಿಡ್ಡಾಗುತ್ತದೆ.

ತೆಂಗಿನ ಹಾಲಿನ ಬದಲು ಆದೀತೇ ಎಂದು ಕೇಳಿದಿರಿ. ಆಗುತ್ತದೆ, ಸೋಸಿದರೆ. 50 ಗ್ರಾಂ ಅಚ್ಚಿಗೆ 250 ಮಿಲಿ ಕುದಿನೀರು ಹಾಕಿ ಕದಡಿದರೆ ಮಧ್ಯಮ ಗಟ್ಟಿಯ ಹಾಲು. ನಾರು ಒಳಗೇ ಇರುವುದರಿಂದ ನಾಲಿಗೆಗೆ ಸಣ್ಣ ಮರಳಿನಂತೆ ತಟ್ಟುತ್ತದೆ. ಹುಳಿ, ಸಾಗುವಿನಲ್ಲಿ ಅದು ಗೊತ್ತೇ ಆಗುವುದಿಲ್ಲ. ಪಾಯಸದಲ್ಲಿ, ಒತ್ತು ಶಾವಿಗೆಯ ಜೊತೆಗಿನ ಕಾಯಿಹಾಲಿನಲ್ಲಿ ಗೊತ್ತಾಗುತ್ತದೆ. ಆದ್ದರಿಂದ ತೆಳು ಬಟ್ಟೆಯಲ್ಲಿ ಬಿಸಿಯಿರುವಾಗಲೇ ಸೋಸಿ ಹಿಂಡಿ. ಬಟ್ಟೆಯಲ್ಲಿ ಉಳಿದದ್ದನ್ನು ಚೆಲ್ಲಬೇಡಿ, ಮರುದಿನದ ದೋಸೆ ಹಿಟ್ಟಿಗೋ ಅಕ್ಕಿರೊಟ್ಟಿಗೋ ಕಲಸಿ.

ಹೆಸರುಬೇಳೆ ಪಾಯಸಕ್ಕೆ ಅರ್ಧ ಕಪ್ ಬೇಳೆಯನ್ನು ಘಮ ಬರುವಷ್ಟು ಹುರಿದು ಬೇಯಿಸಿ, ಮುಕ್ಕಾಲು ಕಪ್ ಬೆಲ್ಲ ಹಾಕಿ ಕುದಿಸಿ, ಉರಿ ತಗ್ಗಿಸಿದ ಮೇಲೆ ಈ ಸೋಸಿದ ಹಾಲು ಬೆರೆಸಿ. ಏಲಕ್ಕಿ, ಗೋಡಂಬಿ ನಿಮ್ಮಿಷ್ಟ. ತುಪ್ಪ ಮಾತ್ರ ಅರ್ಧಕ್ಕಿಳಿಸಿ, ಅಚ್ಚಿನಲ್ಲೇ ಬೇಕಾದಷ್ಟು ಜಿಡ್ಡಿದೆ.

ತಂಬಿಟ್ಟು ಮಾಡುವ ಮನೆಯಾದರೆ ಅಚ್ಚನ್ನು ತುಪ್ಪದ ಬದಲಿಗೇ ಹಾಕಿ ನೋಡಿ. ಹುರಿಗಡಲೆ ಹಿಟ್ಟು, ಬೆಲ್ಲದ ಪಾಕ, ಹುರಿದ ಎಳ್ಳಿಗೆ ಕರಗಿಸಿದ ಅಚ್ಚು ಬೆರೆಸಿ ಉಂಡೆ ಕಟ್ಟಿದರೆ ನಿಮ್ಮ ಊರಿನ ಚಳಿಯಲ್ಲಿ ಚೆನ್ನಾಗಿ ಬಿಗಿಯುತ್ತದೆ. ಚಳಿಗಾಲ ಪೂರ್ತಿ ನಿಮಗೆ ಅಡ್ಡಿಯಾದ ಆ ಗಟ್ಟಿತನ ಇಲ್ಲಿ ಉಪಕಾರಕ್ಕೆ ಬರುತ್ತದೆ.

ಅನ್ನದ ವಿಷಯದಲ್ಲಿ ಬ್ರಿಟನ್ನಿನಲ್ಲಿ ನೆಲೆಸಿದ ಜಮೈಕಾದವರಿಂದ ನಾನು ಕಲಿತದ್ದನ್ನು ಹೇಳಲೇಬೇಕು. ಬರ್ಮಿಂಗ್‌ಹ್ಯಾಮ್‌ನಲ್ಲಿ ನಮ್ಮ ಪಕ್ಕದ ಮನೆಯ ಹಿರಿಯರು ಭಾನುವಾರ ತಪ್ಪದೆ ‘ರೈಸ್ ಆ್ಯಂಡ್ ಪೀಸ್’ ಮಾಡುತ್ತಿದ್ದರು. ಹೆಸರಿನಲ್ಲಿ ಬಟಾಣಿ ಇದ್ದರೂ ಹಾಕುವುದು ಹೆಚ್ಚಾಗಿ ರಾಜ್ಮಾ, ಇಲ್ಲವೇ ಅವರು ಗುಂಗೋ ಪೀಸ್ ಎನ್ನುವ ಕಾಳು. ಮೊದಲ ಸಲ ಆ ಗುಂಗೋ ಡಬ್ಬಿ ಒಡೆದು ನೋಡಿದಾಗ ನನಗೆ ಕಂಡದ್ದು ನಮ್ಮದೇ ತೊಗರಿಕಾಳು! ಅವರು ಅಂಗಡಿಯಿಂದ ತರುತ್ತಿದ್ದ ತೆಂಗು ಇದೇ ಅಚ್ಚು. ನೆನೆಸಿದ ಕಾಳನ್ನು ಬೇಯಿಸಿ, ಅದೇ ನೀರಿಗೆ ಅಚ್ಚು ಕರಗಿಸಿ, ಥೈಮ್ ಸೊಪ್ಪು, ಈರುಳ್ಳಿ ಹೂವು, ಬೆಳ್ಳುಳ್ಳಿ, ಆಲ್‌ಸ್ಪೈಸ್ ಕಾಳು, ಒಡೆಯದ ಇಡೀ ಸ್ಕಾಚ್ ಬಾನೆಟ್ ಮೆಣಸಿನಕಾಯಿ ಹಾಕಿ ಆಮೇಲೆ ಅಕ್ಕಿ ಬಿಡುತ್ತಿದ್ದರು. ಮೆಣಸಿನಕಾಯಿ ಒಡೆದರೆ ಖಾರ ತಡೆಯಲಾಗದು, ಇಡಿಯಾಗಿದ್ದರೆ ಪರಿಮಳ ಮಾತ್ರ ಬಿಡುತ್ತದೆ. ಒಂದು ಕಪ್ ಅಕ್ಕಿಗೆ 30 ಗ್ರಾಂ ಅಚ್ಚು ಹದ. ಅಚ್ಚನ್ನು ಪೂರ್ತಿ ಕರಗಿಸಿದ ಮೇಲೆಯೇ ಅಕ್ಕಿ ಹಾಕಿ, ಮುಚ್ಚಿ ಸಣ್ಣ ಉರಿಯಲ್ಲಿ ಬೇಯಿಸಿ. ಕರಗದ ತುಂಡು ತಳಕ್ಕೆ ಕೂತರೆ ಸೀಯುತ್ತದೆ, ಸೀದ ಕಾಯಿಯ ವಾಸನೆ ಇಡೀ ಅನ್ನಕ್ಕೆ ಹತ್ತುತ್ತದೆ. ಒಣ ರಾಜ್ಮಾ ಬಳಸುವುದಾದರೆ ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಮೊದಲು ಕನಿಷ್ಠ ಹತ್ತು ನಿಮಿಷ ಕೊತಕೊತ ಕುದಿಸಿ ಮುಂದುವರಿಯಿರಿ. ಅರೆಬೆಂದ ರಾಜ್ಮಾ ಹೊಟ್ಟೆ ಕೆಡಿಸುತ್ತದೆ. ನಮ್ಮ ಮನೆಯಲ್ಲಿ ಥೈಮ್ ಬದಲು ಪುದೀನ, ಲವಂಗ, ಚಕ್ಕೆ ಹಾಕಿ ತೊಗರಿಕಾಳಿನ ಕಾಯಿಹಾಲಿನ ಅನ್ನ ಮಾಡಿ ಮೊಸರುಬಜ್ಜಿಯೊಂದಿಗೆ ತಿನ್ನುತ್ತೇವೆ. ಮಕ್ಕಳ ಊಟದ ಡಬ್ಬಿಗೆ ಬಲು ಚೆನ್ನು.

ಚಟ್ನಿಯನ್ನು ಪೂರ್ತಿ ಕೈಬಿಡಬೇಕಿಲ್ಲ. ಅಚ್ಚನ್ನು ಬಿಸಿನೀರಿನಲ್ಲಿ ಕದಡಿ ಬೆಚ್ಚಗಿರುವಾಗಲೇ, ಅದರ ಎರಡರಷ್ಟು ಹುರಿಗಡಲೆ, ಹಸಿಮೆಣಸು, ಶುಂಠಿ, ಕೊತ್ತಂಬರಿ ಸೊಪ್ಪು, ಚೂರು ಹುಣಸೆಯೊಂದಿಗೆ ರುಬ್ಬಿ. ಫ್ರೀಜರಿನ ಕಾಯಿತುರಿ ಒಂದು ಹಿಡಿ ಇದ್ದರೆ ಅದನ್ನೂ ಬಿಸಿನೀರಿನಲ್ಲಿ ಅದ್ದಿ ಸೇರಿಸಿ, ಹಸಿ ಕಾಯಿಯ ಸಿಹಿ ಬರುತ್ತದೆ. ಬಿಸಿ ಇಡ್ಲಿಯ ಜೊತೆ ಆಗಲೇ ತಿಂದು ಮುಗಿಸಬೇಕು. ಬರೀ ಅಚ್ಚಿನ ಚಟ್ನಿ ಎಷ್ಟೇ ಮಾಡಿದರೂ ಹಸಿ ಕಾಯಿಯ ಚಟ್ನಿಯಾಗುವುದಿಲ್ಲ, ಅದನ್ನು ಒಪ್ಪಿಕೊಳ್ಳುವುದೇ ಸರಿ.

ಮತ್ತೆ ಕೊಳ್ಳುವಾಗ ಪೊಟ್ಟಣದ ಹಿಂದೆ ಓದಿ. ಪದಾರ್ಥಗಳ ಸಾಲಿನಲ್ಲಿ ತೆಂಗು ಒಂದೇ ಇದ್ದರೆ ಒಳ್ಳೆಯದು. ಒಣ ತೆಂಗಿನ ಪದಾರ್ಥಗಳಿಗೆ ಬಿಳುಪು ಉಳಿಯಲೆಂದು ಸಲ್ಫೈಟ್ ಸೇರಿಸುವುದುಂಟು. ಮನೆಯಲ್ಲಿ ಉಬ್ಬಸ ಇರುವವರಿದ್ದರೆ ಅದನ್ನು ನೋಡಿಯೇ ತನ್ನಿ. ‘ಕ್ರೀಮ್ ಆಫ್ ಕೊಕೊನಟ್’ ಎಂದು ಬರೆದ ಡಬ್ಬಿ ಬೇರೆ. ಅದು ಪಾನೀಯಗಳಿಗೆಂದು ಸಕ್ಕರೆ ತುಂಬಿದ್ದು, ಹುಳಿಗೆ ಬಿದ್ದರೆ ಊಟ ಕೆಟ್ಟಿತು. ‘ಕೊಕೊನಟ್ ಕ್ರೀಮ್’ ಎಂದರೆ ದಪ್ಪ ಕಾಯಿಹಾಲು, ಅದೂ ಈ ಅಚ್ಚಲ್ಲ. ಮೂರರ ಹೆಸರೂ ಒಂದೇ ಥರ ಕೇಳುವುದರಿಂದ ಅವಸರದಲ್ಲಿ ಯಾರಿಗಾದರೂ ತಪ್ಪಾಗುತ್ತದೆ.

ಆರೋಗ್ಯದ ಮಾತು ನೀವು ಕೇಳಲಿಲ್ಲ, ಆದರೂ ಹೇಳಬೇಕು. 100 ಗ್ರಾಂ ಅಚ್ಚಿನಲ್ಲಿ ಸುಮಾರು 60 ಗ್ರಾಂ ಸ್ಯಾಚುರೇಟೆಡ್ ಕೊಬ್ಬಿದೆ. ಬ್ರಿಟನ್ನಿನ ಆರೋಗ್ಯ ಇಲಾಖೆ ದಿನಕ್ಕೆ ಹೆಂಗಸರಿಗೆ 20 ಗ್ರಾಂ, ಗಂಡಸರಿಗೆ 30 ಗ್ರಾಂ ಮೀರಬಾರದು ಎನ್ನುತ್ತದೆ. 20 ಗ್ರಾಮಿನ ತುಂಡು ನಾಲ್ವರ ಹುಳಿಗೆ ಹಂಚಿಹೋದರೆ ತಲೆಗೆ 3 ಗ್ರಾಂ, ಚಿಂತೆಯಿಲ್ಲ. ಕೈಗೆ ಬಂದಷ್ಟು ಮುರಿದು ಹಾಕಿದರೆ ಲೆಕ್ಕ ತಪ್ಪುವುದು ಬೇಗ. ತುಂಡುಗಳನ್ನು ಮೊದಲೇ ತೂಗಿಡಿ ಎಂದು ನಾನು ಒತ್ತಿ ಹೇಳುವುದಕ್ಕೆ ಇದೂ ಒಂದು ಕಾರಣ.

ಒಡೆಯದ ಪೊಟ್ಟಣ ತಂಪಾದ ಕಪಾಟಿನಲ್ಲಿರಲಿ. ಒಡೆದದ್ದನ್ನು ಗಾಳಿಯಾಡದ ಡಬ್ಬದಲ್ಲಿ, ಈರುಳ್ಳಿ ಬೆಳ್ಳುಳ್ಳಿಯಿಂದ ದೂರ, ಫ್ರಿಜ್ಜಿನಲ್ಲಿಡಿ. ಜಿಡ್ಡು ವಾಸನೆಯನ್ನು ಎಳೆದುಕೊಳ್ಳುತ್ತದೆ. ಕೆಟ್ಟಿದೆಯೋ ಎಂದು ನೋಡಲು ಉಗುರಿನಷ್ಟು ಚೂರನ್ನು ನಾಲಿಗೆಯ ಮೇಲೆ ಕರಗಲು ಬಿಡಿ. ಕಮಟು ವಾಸನೆಯೋ ಸಾಬೂನಿನ ರುಚಿಯೋ ಬಂದರೆ ಯಾವ ಒಗ್ಗರಣೆಯೂ ಅದನ್ನು ಮುಚ್ಚುವುದಿಲ್ಲ, ಆಗ ಮಾತ್ರ ಎಸೆಯಿರಿ. ಒಳ್ಳೆಯದಾದರೆ ಮೊದಲು ಸಿಹಿ, ಆಮೇಲೆ ಹುರಿದ ಕೊಬ್ಬರಿಯ ನೆನಪು. ಹಾಗಿದ್ದರೆ ಈ ವಾರಾಂತ್ಯ ಒಂದು ಪೊಟ್ಟಣ ಬಿಸಿನೀರಿಗಿಳಿಸಿ ನಾದಿ, ಹತ್ತು ತುಂಡು ಮಾಡಿ. ಎರಡು ತುಂಡು ಕೂರ್ಜೆಟ್ ಮಜ್ಜಿಗೆ ಹುಳಿಗೆ, ಉಳಿದ ಎಂಟು ಮುಂದಿನ ಹದಿನೈದು ದಿನದ ಹುಳಿ, ಸಾಗುವಿಗೆ.